ಹೈದರಾಬಾದು ಸಂಸ್ಥಾನದ ಅಂತರ್ಯುದ್ಧ: ಗಳಿಸಿದವರು ಯಾರು, ತೆತ್ತವರು ಯಾರು?

(ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಗಲ್ಲಾ ಮುಚ್ಚಿದ ಮೇಲೆ, ಒಲೆ ಆರಿಸಿ, ಬೆಳಗಿನ ದೋಸೆಯ ಹಿಟ್ಟು ರುಬ್ಬಿಟ್ಟು ಬಂದಿರುವವರು ನಿಮ್ಮಲ್ಲಿ ಅನೇಕರು. ಎರಡನೆಯ ಪಾಳಿ ಮುಗಿಸಿ ಊಟವನ್ನೂ ಮಾಡದೆ ನೇರವಾಗಿ ಬಂದವರೂ ಇದ್ದೀರಿ. ನಿಮ್ಮ ನಿದ್ದೆಯ ಹೊತ್ತನ್ನು ನಾವು ಕೇಳಿ ಪಡೆದಿದ್ದೇವೆ. ಆದುದರಿಂದ ಅದನ್ನು ವ್ಯರ್ಥಮಾಡದೆ ವಿಷಯಕ್ಕೆ ಬರುತ್ತೇವೆ.

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ನಮ್ಮ ಸಂಘದ ಕಚೇರಿಯಲ್ಲಿ ಪ್ರತಿವರ್ಷವೂ ಒಂದೇ ಚರ್ಚೆ. ಆ ದಿನ ಹಬ್ಬ ಮಾಡೋಣವೆಂದು ಕೆಲವರು, ಬೇಡವೆಂದು ಕೆಲವರು. ಕಳೆದ ವರ್ಷ ಒಂದೇ ಕೋಣೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದ ಇಬ್ಬರು ಸದಸ್ಯರು ಇದೇ ಮಾತಿಗೆ ಕೈಕೈ ಮಿಲಾಯಿಸಿ, ಒಬ್ಬರು ಹಾಸಿಗೆ ಸುತ್ತಿಕೊಂಡು ಹೊರಬಿದ್ದರು. ಒಬ್ಬರು ಬೀದರ ಕಡೆಯವರು. ಅವರ ಮುತ್ತಜ್ಜನ ಮನೆಯನ್ನು ರಜಾಕಾರರು ಸುಟ್ಟಿದ್ದರು. ಇನ್ನೊಬ್ಬರು ಕಲಬುರಗಿ ಕಡೆಯ ಮುಸಲ್ಮಾನರು. ಅವರ ಮುತ್ತಜ್ಜ ಪೊಲೀಸ್ ಕಾರ್ಯಾಚರಣೆಯ ಮಾರನೆಯ ವಾರ ಹೊಲಕ್ಕೆ ಹೋದವರು ಹಿಂದಿರುಗಲಿಲ್ಲ. ಇಬ್ಬರೂ ಒಂದೇ ಹೋಟೆಲಿನಲ್ಲಿ ಒಂದೇ ಕೂಲಿಗೆ ದುಡಿಯುವವರು. ಇಬ್ಬರ ಮಾತೂ ಸುಳ್ಳಲ್ಲ. ಎರಡು ಸತ್ಯಗಳು ಒಂದೇ ಕೋಣೆಯಲ್ಲಿ ಇರಲಾರದೆ ಹೋದವಲ್ಲ, ಇದೇಕೆ? ಈ ಪ್ರಶ್ನೆಯೇ ಇಂದಿನ ನಮ್ಮ ವಿಷಯ.

ಆ ದಿನದ ಹೆಸರಿನ ಬಗ್ಗೆಯೇ ಒಮ್ಮತವಿಲ್ಲ. ನಮ್ಮ ಊರುಗಳಲ್ಲಿ ಅದು ಹೈದರಾಬಾದು ಕರ್ನಾಟಕ ವಿಮೋಚನಾ ದಿನವಾಗಿತ್ತು. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಮೇಲೆ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ನಾವು ದುಡಿಯುತ್ತಿರುವ ಈ ನಗರದಲ್ಲಿ 2022ರಲ್ಲಿ ಕೇಂದ್ರ ಸರ್ಕಾರವು ವಿಮೋಚನಾ ದಿನವೆಂದಿತು, ರಾಜ್ಯ ಸರ್ಕಾರವು ರಾಷ್ಟ್ರೀಯ ಸಮೈಕ್ಯತಾ ದಿನವೆಂದಿತು. 2024ರಲ್ಲಿ ಬೇರೆ ಸರ್ಕಾರ ಬಂದು ಪ್ರಜಾಪಾಲನಾ ದಿನವೆಂದು ಹೆಸರಿಟ್ಟಿತು. ಹೆಸರಿಡುವವರು ಹೆಸರಿಡಲಿ. ನಾವು ಕೂಲಿಕಾರರು, ನಮಗೆ ತಿಳಿದ ವಿದ್ಯೆ ಲೆಕ್ಕ ಕೇಳುವುದು. ಆದುದರಿಂದ ಈ ಯುದ್ಧದ ಮೂರು ಲೆಕ್ಕಗಳನ್ನು ನಿಮ್ಮ ಮುಂದೆ ಇಡುತ್ತೇವೆ: ಹೊಟ್ಟೆಯ ಲೆಕ್ಕ, ಬಂದೂಕಿನ ಲೆಕ್ಕ, ಬಾಳಿನ ಲೆಕ್ಕ.

ಇದನ್ನು ಅಂತರ್ಯುದ್ಧವೆಂದು ಕರೆಯಬಹುದೇ ಎಂದು ಕೆಲವರು ಕೇಳಿಯಾರು. 1946ರಿಂದ 1951ರವರೆಗೆ ಒಂದೇ ಸಂಸ್ಥಾನದೊಳಗೆ ರೈತ ದೇಶಮುಖನ ಮೇಲೆ, ದೇಶಮುಖ ರೈತನ ಮೇಲೆ, ರಜಾಕಾರ ಹಳ್ಳಿಯ ಮೇಲೆ, ಗಡಿಯಾಚೆಯ ಶಿಬಿರದವರು ನಿಜಾಮನ ಠಾಣೆಯ ಮೇಲೆ, ಕೊನೆಗೆ ನೆರೆಯವನು ನೆರೆಯವನ ಮೇಲೆ ಆಯುಧವೆತ್ತಿದರು. ಸರ್ಕಾರದ ಕಾಗದದಲ್ಲಿ ಪೊಲೀಸ್ ಕಾರ್ಯಾಚರಣೆಯೆಂದು ಬರೆದಿರುವುದು ಇದರಲ್ಲಿ ಐದು ದಿನಗಳ ಮಾತು ಮಾತ್ರ. ಉಳಿದ ಐದು ವರ್ಷಗಳಿಗೆ ಬೇರೆ ಹೆಸರು ನಮಗೆ ತೋರದು.

ಮೊದಲು ಹೊಟ್ಟೆಯ ಲೆಕ್ಕ.

ಆಗಿನ ಹೈದರಾಬಾದು ಸಂಸ್ಥಾನವು ಭಾರತದ ದೇಶೀಯ ಸಂಸ್ಥಾನಗಳಲ್ಲಿ ಬಹು ದೊಡ್ಡದು. 1941ರ ಜನಗಣತಿಯಂತೆ ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ. ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ನಮ್ಮವು: ಕಲಬುರಗಿ, ರಾಯಚೂರು, ಬೀದರ. ಈಗಿನ ಕೊಪ್ಪಳ ಜಿಲ್ಲೆಯ ಸೀಮೆಯೂ ಆ ಸಂಸ್ಥಾನದೊಳಗೇ ಇದ್ದು, ಕೊಪ್ಪಳವು ಸಾಲಾರ್ ಜಂಗರ ಜಾಗೀರಾಗಿತ್ತು. ಭೂಮಿಯಲ್ಲಿ ನೂರಕ್ಕೆ ಅರವತ್ತು ಪಾಲು ಮಾತ್ರ ಸರ್ಕಾರದ ನೇರ ಕಂದಾಯಕ್ಕೆ ಒಳಪಟ್ಟಿತ್ತು. ಮೂವತ್ತು ಪಾಲು ಜಾಗೀರುದಾರರದು. ಹತ್ತು ಪಾಲು ಸರ್ಫೆಖಾಸ್, ಅಂದರೆ ನಿಜಾಮನ ಸ್ವಂತ ಮನೆಖರ್ಚಿನ ಭೂಮಿ. ಒಬ್ಬ ಮನುಷ್ಯನ ಮನೆಖರ್ಚಿಗೆ ರಾಜ್ಯದ ಹತ್ತನೆಯ ಒಂದು ಪಾಲು!

ಸರ್ಕಾರದ ನೇರ ಕಂದಾಯದ ಹಳ್ಳಿಗಳಲ್ಲಿಯೂ ರೈತನಿಗೆ ಸುಖವಿರಲಿಲ್ಲ. ಅಲ್ಲಿ ದೇಶಮುಖ, ದೇಶಪಾಂಡೆ, ಪಟೇಲ, ಪಟವಾರಿಗಳ ಆಳ್ವಿಕೆ. ತೆಲಂಗಾಣದಲ್ಲಿ ಜನ್ನಾರೆಡ್ಡಿ ಪ್ರತಾಪರೆಡ್ಡಿಯ ಹಿಡಿತದಲ್ಲಿ ಒಂದೂವರೆ ಲಕ್ಷ ಎಕರೆ ಭೂಮಿಯಿತ್ತೆಂದು ಪಿ. ಸುಂದರಯ್ಯನವರು ಬರೆದಿದ್ದಾರೆ. ಇಂಥವರ ಮನೆಗೆ ಹಳ್ಳಿಯ ಪ್ರತಿಯೊಂದು ಕಸುಬಿನವನೂ ಬಿಟ್ಟಿ ಚಾಕರಿ ಮಾಡಬೇಕು. ಅಗಸ ಬಟ್ಟೆ ಒಗೆಯಬೇಕು, ಕುಂಬಾರ ಗಡಿಗೆ ಕೊಡಬೇಕು, ಕುರುಬ ಕುರಿ ಕೊಡಬೇಕು, ದಲಿತನು ಕರೆದಾಗ ಓಡಬೇಕು. ಕೂಲಿ ಕೇಳಿದವನಿಗೆ ಏಟು.

ಇದರ ಮೇಲೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದ ಲೆವಿ. ಎಕರೆಗೆ ಇಷ್ಟು ಧಾನ್ಯವನ್ನು ಸರ್ಕಾರ ಗೊತ್ತುಪಡಿಸಿದ ದರಕ್ಕೆ ಕೊಡಬೇಕೆಂಬ ಕಟ್ಟಳೆ. ಆ ದರವು ಪೇಟೆಯ ದರಕ್ಕಿಂತ ಬಹಳ ಕಡಿಮೆ. ಲೆಕ್ಕ ಬರೆಯುವವನು ಪಟವಾರಿ. ಅಳೆಯುವವನು ದೇಶಮುಖನ ಆಳು. ದೊಡ್ಡವನ ಕಣಜ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಬಡವನ ಬೀಜದ ಜೋಳವೂ ಲೆಕ್ಕಕ್ಕೆ ಬರುತ್ತಿತ್ತು. ಕೊಟ್ಟ ಕಾಳನ್ನೇ ಅವನು ಮತ್ತೆ ಕಾಳಸಂತೆಯಲ್ಲಿ ಹೆಚ್ಚಿನ ಬೆಲೆ ತೆತ್ತು ಕೊಳ್ಳಬೇಕಾಯಿತು. ಬಂಧುಗಳೆ, ದೊಡ್ಡ ದೊಡ್ಡ ಧ್ವಜಗಳು ಹಾರುವುದಕ್ಕೆ ಮುಂಚೆ ಈ ಜಗಳ ಹೊತ್ತಿದ್ದು ಜೋಳದ ಚೀಲದ ಬಳಿಯಲ್ಲಿ ಎಂಬುದನ್ನು ನೆನಪಿಡಬೇಕು.

ಇಲ್ಲಿ ಒಂದು ಹೆಸರನ್ನು ಹೇಳಲೇಬೇಕು: ಶೇಕ್ ಬಂದಗಿ. ಈತ ಬಡ ಮುಸಲ್ಮಾನ ರೈತ. ವಿಸ್ನೂರಿನ ದೇಶಮುಖ ರಾಮಚಂದ್ರರೆಡ್ಡಿಯ ವಿರುದ್ಧ ಭೂಮಿಗಾಗಿ ನ್ಯಾಯಾಲಯದಲ್ಲಿ ಹೋರಾಡಿದ. ಆ ಹೋರಾಟಕ್ಕಾಗಿ ದೇಶಮುಖನ ಗೂಂಡಾಗಳು ಆತನನ್ನು ಕೊಂದರು. ಅನಂತರ ಅದೇ ದೇಶಮುಖನ ವಿರುದ್ಧ ಪಾಲಕುರ್ತಿಯ ಅಗಸರ ಹೆಂಗಸು ಚಾಕಲಿ ಐಲಮ್ಮ ತನ್ನ ಬೆಳೆಯ ರಾಶಿಯನ್ನು ಬಿಡೆನೆಂದು ನಿಂತಳು. 1946ರ ಜುಲೈ 4ರಂದು ಕಡವೆಂಡಿ ಗ್ರಾಮದಲ್ಲಿ ಅದೇ ದೇಶಮುಖನ ಜನ ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ದೊಡ್ಡಿ ಕೊಮರಯ್ಯ ಎಂಬ ಕುರುಬರ ಯುವಕ ಸತ್ತ. ತೆಲಂಗಾಣದ ಸಶಸ್ತ್ರ ಹೋರಾಟ ಅಲ್ಲಿಂದ ಭುಗಿಲೆದ್ದಿತು. ಕೊಂದವರ ಯಜಮಾನ ಹಿಂದೂ. ಸತ್ತವರಲ್ಲಿ ಒಬ್ಬ ಮುಸಲ್ಮಾನ, ಒಬ್ಬ ಹಿಂದೂ. ಮುಂದೆ ರಜಾಕಾರರು ಬಂದಾಗ ಅನೇಕ ದೇಶಮುಖರು ತಮ್ಮ ಗಡಿಗಳಲ್ಲಿ, ಎಂದರೆ ಕೋಟೆಯಂಥ ವಾಡೆಗಳಲ್ಲಿ, ಅವರಿಗೆ ಬಿಡಾರ ಕೊಟ್ಟರು. ಹಣವುಳ್ಳವರಿಗೆ ತಮ್ಮ ಕಣಜ ಕಾಯುವವನ ಧರ್ಮ ಯಾವುದೆಂಬ ಚಿಂತೆ ಇರಲಿಲ್ಲ.

ಎರಡನೆಯದು ಬಂದೂಕಿನ ಲೆಕ್ಕ.

1947ರ ಜೂನಿನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು ತಾನು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂಬ ಫರ್ಮಾನು ಹೊರಡಿಸಿದನು. 1938ರಲ್ಲಿ ಸ್ಥಾಪನೆಯಾದ ಸ್ಟೇಟ್ ಕಾಂಗ್ರೆಸ್ಸು, ಸ್ವಾಮಿ ರಾಮಾನಂದ ತೀರ್ಥರ ಮುಂದಾಳುತನದಲ್ಲಿ, 1947ರ ಆಗಸ್ಟ್ 7ರಂದು ಭಾರತಕ್ಕೆ ಸೇರಬೇಕೆಂದು ಸತ್ಯಾಗ್ರಹ ಆರಂಭಿಸಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಆಗಸ್ಟ್ 15ರಂದು ಸ್ವಾಮೀಜಿಯವರು ಸೆರೆಯಾದರು. ನವೆಂಬರ್ 29ರಂದು ಭಾರತಕ್ಕೂ ನಿಜಾಮನಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಒಪ್ಪಂದದ ಮರೆಯಲ್ಲಿ ಎರಡು ಕಡೆಯವರೂ ಬಲ ಕೂಡಿಸಿಕೊಂಡರು.

ಲಾತೂರಿನ ವಕೀಲ ಕಾಸಿಂ ರಜ್ವಿ 1946ರಲ್ಲಿ ಇತ್ತೆಹಾದ್ ಸಂಸ್ಥೆಯ ಅಧ್ಯಕ್ಷನಾಗಿದ್ದ. ಅವನ ಸ್ವಯಂಸೇವಕರೇ ರಜಾಕಾರರು. ಅವರ ಸಂಖ್ಯೆ ಎರಡು ಲಕ್ಷವೆಂಬ ಅಂದಾಜೂ ಇದೆ. ನಿಜಾಮನ ಸೈನ್ಯವೋ ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಮೇಲೆ; ಅದರ ದಂಡನಾಯಕ ಮೇಜರ್ ಜನರಲ್ ಎಲ್ ಎದ್ರೂಸ್. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಕರಾಚಿಯಿಂದ ವಿಮಾನದಲ್ಲಿ ಕಳ್ಳತನದಿಂದ ಆಯುಧ ತಂದಿಳಿಸುತ್ತಿದ್ದ. ನಿಜಾಮ ಸರ್ಕಾರ ಪಾಕಿಸ್ತಾನಕ್ಕೆ ಇಪ್ಪತ್ತು ಕೋಟಿ ರೂಪಾಯಿಯ ಸಾಲ ಕೊಟ್ಟಿತು, ತನ್ನ ಪೇಟೆಗಳಲ್ಲಿ ಭಾರತದ ನಾಣ್ಯಕ್ಕೆ ತಡೆ ಹಾಕಿ ತನ್ನ ಹಾಲಿ ಸಿಕ್ಕಾ ನಾಣ್ಯವನ್ನೇ ಎತ್ತಿಹಿಡಿಯಿತು. ಭಾರತದ ಕಡೆಯಿಂದ ಸಾಮಾನಿನ ದಿಗ್ಬಂಧನ ಬಿದ್ದಿತು. ಪೆಟ್ರೋಲು, ಉಪ್ಪು, ಔಷಧಗಳಿಗೆ ಕೊರತೆಯೆಂದು ಈ ನಗರದಲ್ಲಿ ಕೂಗೆದ್ದಿತು. ರಾಜರು ರಾಜರ ಕೊರಳು ಹಿಚುಕಿದಾಗ ಮೊದಲು ಉಸಿರುಕಟ್ಟುವುದು ಕೂಲಿಯವನಿಗೆ. ಗಿರಣಿಗೆ ಎಣ್ಣೆ ಬಾರದಿದ್ದರೆ ಕೆಲಸ ನಿಲ್ಲುವುದು ಯಾರದು?

ನಮ್ಮ ಕನ್ನಡ ಜಿಲ್ಲೆಗಳ ಯುವಕರು ಗಡಿ ದಾಟಿ ಶಿಬಿರಗಳನ್ನು ಕಟ್ಟಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಟೆಯವರು ಮುಂದಾಳುಗಳಾದರು. ಕಲಬುರಗಿ ಸೀಮೆಯಲ್ಲಿ ಸರದಾರ ಶರಣಗೌಡ ಇನಾಂದಾರರ ಹೆಸರು ಮನೆಮಾತಾಯಿತು. ಇವರ ಯುದ್ಧಕ್ರಮವನ್ನು ಕೇಳಿರಿ. ನಿಜಾಮನ ಬೊಕ್ಕಸಕ್ಕೆ ಶಿಂದಿಯಿಂದ ಬರುವ ಹಣವೆಷ್ಟೋ. ಆದ್ದರಿಂದ ಶಿಂದಿ ಗಿಡಗಳನ್ನು ಕಡಿಯುವುದು. ಸುಂಕದಿಂದ ಬರುವ ಹಣವೆಷ್ಟೋ. ಆದ್ದರಿಂದ ಗಡಿಯ ಕರೋಡಗಿರಿ ನಾಕಾಗಳನ್ನು ಸುಡುವುದು. ಪೊಲೀಸ್ ಠಾಣೆಗಳ ಮೇಲೆ ಬೀಳುವುದು. ಯುದ್ಧವೆಂದರೆ ಸೈನಿಕ ಸೈನಿಕನನ್ನು ಹೊಡೆಯುವುದು ಮಾತ್ರವಲ್ಲ. ಬೊಕ್ಕಸದ ಬುಡಕ್ಕೆ ಕೊಡಲಿ ಹಾಕುವುದೂ ಯುದ್ಧವೇ ಎಂದು ಅವರು ತಿಳಿದಿದ್ದರು.

ಆದರೆ ಇದಕ್ಕೆ ಉತ್ತರವಾಗಿ ಬಿದ್ದ ಏಟು ಹಳ್ಳಿಗಳ ಮೇಲೆ. ಶಿಬಿರದವರಿಗೆ ರೊಟ್ಟಿ ಕೊಟ್ಟರೆಂಬ ಅನುಮಾನವೇ ಸಾಕಾಗಿತ್ತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದ ಮೇಲೆ ರಜಾಕಾರರು ಬಿದ್ದರು. ಸತ್ತವರು ಇನ್ನೂರರ ಹತ್ತಿರವೆಂದು ಆ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಅದೇ ವರ್ಷ ಆಗಸ್ಟಿನಲ್ಲಿ ತೆಲಂಗಾಣದ ಬೈರಾನಪಲ್ಲಿಯಲ್ಲಿ ಊರಿನ ಬುರುಜನ್ನೇ ಫಿರಂಗಿಯಿಂದ ಒಡೆದು ಜನರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಸಾವಿರಾರು ಸಂಸಾರಗಳು ಎತ್ತಿನ ಗಾಡಿ ಕಟ್ಟಿಕೊಂಡು ಸೊಲ್ಲಾಪುರ, ಗದಗ, ಬಳ್ಳಾರಿಗಳ ಕಡೆಗೆ ಓಡಿದವು. ಇದನ್ನು ಅಲ್ಲಗಳೆಯುವವರು ಯಾರೇ ಇರಲಿ, ಅವರೊಡನೆ ನಮಗೆ ರಾಜಿಯಿಲ್ಲ.

ಹಾಗೆಯೇ ಇದನ್ನೂ ಮರೆಯಲಾಗದು: ರಜಾಕಾರರ ವಿರುದ್ಧ ಬರೆದದ್ದಕ್ಕಾಗಿ ಈ ನಗರದಲ್ಲಿ 1948ರ ಆಗಸ್ಟಿನಲ್ಲಿ ಕೊಲೆಯಾದವರು ಒಬ್ಬ ಮುಸಲ್ಮಾನ ಪತ್ರಕರ್ತ. ಉರ್ದು ದಿನಪತ್ರಿಕೆ ಇಮ್ರೋಜಿನ ಸಂಪಾದಕ ಶೋಯೆಬುಲ್ಲಾ ಖಾನರು. ಭಾರತಕ್ಕೆ ಸೇರುವುದೇ ಸರಿಯೆಂದು ಬರೆದ ಅವರ ಕೈಯನ್ನೇ ಕತ್ತರಿಸಿದರು. ಇನ್ನು ನಮ್ಮ ಕಾರ್ಮಿಕ ಚಳುವಳಿಯಲ್ಲಿ 1946ರಲ್ಲಿ ಅಖಿಲ ಹೈದರಾಬಾದು ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿದವರಲ್ಲಿ ಮುಖ್ಯರು ಕವಿ ಮಖ್ದೂಂ ಮೊಹಿಯುದ್ದೀನರು ಮತ್ತು ಡಾಕ್ಟರ್ ರಾಜ್ ಬಹಾದುರ್ ಗೌರ್ ಅವರು. ಇಬ್ಬರೂ ನಿಜಾಮನ ಆಳ್ವಿಕೆಯನ್ನು ಎದುರಿಸಿ ಭೂಗತರಾಗಿ ದುಡಿದವರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಮುಖ್ಯ ದಂಡು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಕೈಕೆಳಗೆ ಸೊಲ್ಲಾಪುರದ ಕಡೆಯಿಂದ ನಳದುರ್ಗ, ಉಮರ್ಗಾ, ಹುಮನಾಬಾದು, ಜಹೀರಾಬಾದುಗಳ ಮೇಲೆ ಹಾಯ್ದು ಬಂದಿತು. ಇನ್ನೊಂದು ದಂಡು ವಿಜಯವಾಡದ ಕಡೆಯಿಂದ. ಸಣ್ಣ ತುಕಡಿಗಳು ಹೊಸಪೇಟೆ, ಕರ್ನೂಲುಗಳ ಕಡೆಯಿಂದ ತುಂಗಭದ್ರೆಯತ್ತ ನಡೆದವು. 17ರ ಸಂಜೆ ನಿಜಾಮ ಕದನವಿರಾಮ ಸಾರಿದನು. 18ರಂದು ಎಲ್ ಎದ್ರೂಸ್ ಶರಣಾದನು. ಟ್ಯಾಂಕು ವಿಮಾನಗಳ ಮುಂದೆ ರಜ್ವಿಯ ಭಾಷಣಗಳು ಐದು ದಿನವೂ ನಿಲ್ಲಲಿಲ್ಲ. ಸಂಸ್ಥಾನದ ಬಹುಪಾಲು ಜನ ಸೈನ್ಯವನ್ನು ಸಂತೋಷದಿಂದ ಬರಮಾಡಿಕೊಂಡರು. ಆ ಸಂತೋಷ ಸುಳ್ಳಲ್ಲ. ಬೀಗ ತೆಗೆದ ಸೆರೆಮನೆ, ಊರಿಗೆ ಹಿಂದಿರುಗಿದ ಸಂಸಾರ, ಮತ್ತೆ ಹೊತ್ತಿದ ಒಲೆ ಇವೆಲ್ಲ ಕಣ್ಣಿಗೆ ಕಂಡ ಸತ್ಯಗಳು.

ಮೂರನೆಯದು ಬಾಳಿನ ಲೆಕ್ಕ. ಹಬ್ಬದ ವೇದಿಕೆಗಳಲ್ಲಿ ಇದನ್ನು ಹೇಳುವವರು ಬಹಳ ಕಡಿಮೆ.

ಸೈನ್ಯ ಬಂದ ವಾರಗಳಲ್ಲಿ ನಮ್ಮದೇ ಜಿಲ್ಲೆಗಳ ಹಳ್ಳಿಹಳ್ಳಿಗಳಲ್ಲಿ ಮುಸಲ್ಮಾನರ ಕೊಲೆ, ಕೊಳ್ಳೆ, ಹೆಂಗಸರ ಮೇಲೆ ಅತ್ಯಾಚಾರ ನಡೆದವು. ಇದನ್ನು ವಿಚಾರಿಸಲು ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿಯವರನ್ನು ಕಳುಹಿಸಿತು. 1948ರ ಕೊನೆಯಲ್ಲಿ ಅವರು ಹದಿನಾರರಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿ, ನೂರಕ್ಕೂ ಹೆಚ್ಚು ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದವು ನಾಲ್ಕು ಜಿಲ್ಲೆಗಳು: ಉಸ್ಮಾನಾಬಾದು, ನಾಂದೇಡು, ಕಲಬುರಗಿ, ಬೀದರ. ಈ ನಾಲ್ಕರಲ್ಲಿಯೇ ಹದಿನೆಂಟು ಸಾವಿರ. ಸರ್ಕಾರ ಆ ವರದಿಯನ್ನು ಒಪ್ಪಲಿಲ್ಲ, ಪ್ರಕಟಿಸಲೂ ಇಲ್ಲ. ದಶಕಗಳು ಕಳೆದು 2013ರಲ್ಲಿ ಅದು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುವವರಿಗೆ ದೊರೆಯುವಂತಾಯಿತು.

ಸತ್ತವರಲ್ಲಿ ರಜಾಕಾರರು ಎಷ್ಟು ಮಂದಿ? ಕೋವಿ ಹಿಡಿದ ರಜಾಕಾರರಲ್ಲಿ ಅನೇಕರು ಸೈನ್ಯ ಬರುವ ಮುನ್ನವೇ ಓಡಿಹೋಗಿದ್ದರು. ಊರಲ್ಲಿ ಉಳಿದವರು ಓಡಲು ಕಾರಣವಿಲ್ಲದವರು: ನೇಕಾರ, ಪಿಂಜಾರ, ಬಳೆಗಾರ, ಹೊಲದ ಆಳು. ಕಾಸಿಂ ರಜ್ವಿಯೋ, ಸೆರೆವಾಸ ಮುಗಿಸಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋಗಿ 1970ರವರೆಗೆ ಬದುಕಿದ. ಅವನು ಕೂಗಿದ ಕೂಗಿಗೆ ದಂಡ ತೆತ್ತವರು ಅವನ ಭಾಷಣವನ್ನು ಎಂದೂ ಕೇಳದವರು.

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬಂದೆವು. ಆ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ತಮ್ಮ ಪ್ರಾಣ ಕೊಟ್ಟು ಮುಸಲ್ಮಾನ ನೆರೆಯವರನ್ನು ಉಳಿಸಿದ ಹಿಂದೂಗಳನ್ನು ತಾವು ಅನೇಕ ಕಡೆ ಕಂಡೆವೆಂದು ಆ ಮೂವರು ಬರೆದರು. ಅದರಲ್ಲಿಯೂ ಒಂದೇ ಕಸುಬಿನವರಲ್ಲಿ ಈ ಒಗ್ಗಟ್ಟು ಹೆಚ್ಚಾಗಿತ್ತಂತೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಪಾಡಲು ಹಿಂದೂಗಳ ಗುಂಪಿಗೇ ಅಡ್ಡ ನಿಂತು, ತಮ್ಮಲ್ಲಿ ಕೆಲವರನ್ನು ಕಳೆದುಕೊಂಡರಂತೆ. ಬಂಧುಗಳೆ, ಆ ನೇಕಾರರು ಯಾವ ಪುಸ್ತಕ ಓದಿದ್ದರು? ಯಾವ ನಾಯಕನ ಅಪ್ಪಣೆ ಅವರಿಗಿತ್ತು? ಅವರಿಗೆ ಗೊತ್ತಿದ್ದದ್ದು ಇಷ್ಟೇ: ಇವನ ಮಗ್ಗ ನನ್ನ ಮಗ್ಗದ ಪಕ್ಕದಲ್ಲಿದೆ, ಸಾಹುಕಾರನು ನೂಲಿನ ತೂಕದಲ್ಲಿ ನಮ್ಮಿಬ್ಬರಿಗೂ ಒಂದೇ ಮೋಸ ಮಾಡುತ್ತಾನೆ, ಇವನು ಸತ್ತರೆ ನಾನು ಒಂಟಿ. ಅವರ ಹೆಸರುಗಳು ಯಾವ ಸ್ಮಾರಕದ ಕಲ್ಲಿನ ಮೇಲೆಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಈ ಯುದ್ಧದಲ್ಲಿ ನಮ್ಮ ಪೂರ್ವಿಕರೆಂದು ನಾವು ಹೇಳಿಕೊಳ್ಳಬೇಕಾದರೆ ಮೊದಲು ಈ ನೇಕಾರರನ್ನು ಹೇಳಿಕೊಳ್ಳಬೇಕು.

ಇನ್ನು ಗಳಿಸಿದವರು ಯಾರೆಂಬುದನ್ನು ನೋಡೋಣ.

ನಿಜಾಮನು ಸೋತನು. ಸೋತವನಿಗೆ ಆದ ನಷ್ಟವೇನು? 1950ರಿಂದ 1956ರವರೆಗೆ ಅವನೇ ರಾಜಪ್ರಮುಖ. ವರ್ಷಕ್ಕೆ ಐವತ್ತು ಲಕ್ಷ ರಾಜಧನ. ಸರ್ಫೆಖಾಸ್ ಭೂಮಿಯನ್ನು ಬಿಟ್ಟುಕೊಟ್ಟದ್ದಕ್ಕಾಗಿ ಇನ್ನೂ ಇಪ್ಪತ್ತೈದು ಲಕ್ಷ. ಅರಮನೆಗಳ ಪೋಷಣೆಗೆ ಬೇರೆ. 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು, ಒಳ್ಳೆಯದಾಯಿತು. ಆದರೆ ಜಾಗೀರುದಾರರಿಗೆ ಪರಿಹಾರ ದೊರೆಯಿತು. ಅವರ ಬಾಗಿಲಲ್ಲಿ ದುಡಿಯುತ್ತಿದ್ದ ಕಾವಲುಗಾರ, ಕುದುರೆಯಾಳು, ಅಡುಗೆಯವರಿಗೆ, ವಿಸರ್ಜನೆಯಾದ ಸೈನ್ಯದ ಸಾಮಾನ್ಯ ಸಿಪಾಯಿಗೆ ಬೀದಿ ದೊರೆಯಿತು. ಈ ನಗರದ ಹಳೇ ಬಸ್ತಿಯ ಬಡತನಕ್ಕೆ ಅದೂ ಒಂದು ಬೇರು.

ಇನ್ನೊಂದು ಲೆಕ್ಕ ಕೇಳಿರಿ. 1948ರ ಸೆಪ್ಟೆಂಬರಿನ ಆ ಗಲಾಟೆಯಲ್ಲಿಯೇ ನಿಜಾಮ ಸರ್ಕಾರದ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರನ ಖಾತೆಗೆ ಹೋಯಿತು. ಅದಕ್ಕಾಗಿ ವ್ಯಾಜ್ಯ ನಡೆದು ನಡೆದು, 2019ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಆ ಹಣ ಭಾರತಕ್ಕೂ ನಿಜಾಮನ ವಾರಸುದಾರರಿಗೂ ಸೇರಬೇಕೆಂದು ತೀರ್ಪು ಕೊಟ್ಟಿತು. ಬಡ್ಡಿ ಸೇರಿ ಆಗ ಅದು ಮೂರೂವರೆ ಕೋಟಿ ಪೌಂಡಿನಷ್ಟಾಗಿತ್ತು. ಎಪ್ಪತ್ತೊಂದು ವರ್ಷ ಒಂದು ಕಾಸೂ ಕಳೆಯದೆ ಹಣದ ಲೆಕ್ಕ ಉಳಿಯಿತು. ಅದೇ ಸೆಪ್ಟೆಂಬರಿನಲ್ಲಿ ಸತ್ತ ಮನುಷ್ಯರ ಲೆಕ್ಕ ಮಾತ್ರ ಇಪ್ಪತ್ತೇಳು ಸಾವಿರವೋ ನಲವತ್ತು ಸಾವಿರವೋ ಎಂದು ಇನ್ನೂ ತೂಗಾಡುತ್ತಿದೆ. ಹದಿಮೂರು ಸಾವಿರ ಮನುಷ್ಯರು ಲೆಕ್ಕದ ಅಂಚಿನಲ್ಲಿ ಬಿದ್ದುಹೋಗಿದ್ದಾರೆ!

ರೈತನಿಗೆ ದೊರೆತದ್ದೇನು? ತೆಲಂಗಾಣದಲ್ಲಿ ಸಂಘದ ಜನ ಮೂರು ಸಾವಿರ ಹಳ್ಳಿಗಳಲ್ಲಿ ಹತ್ತು ಲಕ್ಷ ಎಕರೆ ಭೂಮಿಯನ್ನು ಹಂಚಿದ್ದರೆಂದು ಸುಂದರಯ್ಯನವರ ಲೆಕ್ಕ. ಸೈನ್ಯ ಬಂದ ಮೇಲೆ ಓಡಿಹೋಗಿದ್ದ ದೇಶಮುಖರು ಅದರ ಬೆನ್ನಹಿಂದೆ ಹಿಂದಿರುಗಿದರು. ಹೋರಾಟ 1951ರ ಅಕ್ಟೋಬರಿನವರೆಗೆ ನಡೆದು ನಿಂತಿತು. ನಾಲ್ಕು ಸಾವಿರ ಕಮ್ಯುನಿಸ್ಟರೂ ರೈತ ಹೋರಾಟಗಾರರೂ ಸತ್ತರೆಂದು ಅವರೇ ಬರೆದಿದ್ದಾರೆ. ಹೋರಾಟಗಾರರ ಕಡೆಯಿಂದಲೂ ಕೊಲೆಗಳಾದವು, ಅದನ್ನೂ ಮುಚ್ಚಿಡಬೇಕಾದ್ದಿಲ್ಲ. ಆದರೆ ಆ ಒತ್ತಡವಿಲ್ಲದೆ 1950ರ ಗೇಣಿ ಕಾಯಿದೆ ಅಷ್ಟು ಬೇಗ ಬರುತ್ತಿರಲಿಲ್ಲ; 1951ರ ಏಪ್ರಿಲಿನಲ್ಲಿ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರ ಮುಂದೆ ಒಬ್ಬ ಭೂಮಾಲಿಕ ನೂರು ಎಕರೆ ದಾನವೆಂದು ಎದ್ದು ನಿಲ್ಲುತ್ತಲೂ ಇರಲಿಲ್ಲ.

ನಮ್ಮ ಮೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿದವು. ಸೇರಿ ನಾಲ್ಕು ದಶಕ ಮೀರಿದ ಮೇಲೆ, 2002ರಲ್ಲಿ, ಡಾಕ್ಟರ್ ನಂಜುಂಡಪ್ಪನವರ ಸಮಿತಿ ಕರ್ನಾಟಕದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿತು. ಅದರಲ್ಲಿ 21 ಕಲಬುರಗಿ ವಿಭಾಗದವೇ. 2012ರಲ್ಲಿ ಸಂವಿಧಾನಕ್ಕೆ 371ಜೆ ವಿಧಿ ಸೇರಿ ಕೆಲಸಗಳಲ್ಲಿಯೂ ಓದಿನಲ್ಲಿಯೂ ಮೀಸಲು ಬಂತು. ಒಳ್ಳೆಯದೇ. ಆದರೂ ಹಳ್ಳಿಯ ಹುಡುಗ ಮಧ್ಯಮ ಶಾಲೆ ಮುಗಿಸುವುದರೊಳಗೆ ಹೈದರಾಬಾದಿನ ಬಸ್ಸು ಹತ್ತಿ, ನಮ್ಮ ನಿಮ್ಮಂತೆ ತಟ್ಟೆ ತೊಳೆಯುವ ಕೆಲಸಕ್ಕೆ ನಿಲ್ಲುವುದು ತಪ್ಪಿಲ್ಲ. ಅವನ ಪಕ್ಕದಲ್ಲಿ ನಿಲ್ಲುವ ಹುಡುಗ ಅದೇ ತಾಲೂಕಿನ ಮುಸಲ್ಮಾನ. ಇಬ್ಬರ ಮುತ್ತಜ್ಜರೂ ಒಂದೇ ಲೆವಿಗೆ ಜೋಳ ಅಳೆದು ಕೊಟ್ಟವರು.

ಈ ಮಾತೆಲ್ಲ ಹಳೆಯದು, ಈಗೇಕೆ ಎಂದು ನೀವು ಕೇಳಬಹುದು. ಈಗ ಏಕೆಂದರೆ, ಕಳೆದ ವರ್ಷ ಕೋಣೆಯಲ್ಲಿ ಜಗಳವಾದ ಮಾರನೆಯ ವಾರವೇ ಒಂದು ಹೋಟೆಲಿನಲ್ಲಿ ರಜೆಯ ಕೂಲಿ ಕೇಳಲು ಹೊರಟಾಗ ಅಡುಗೆಮನೆ ಎರಡು ಗುಂಪಾಗಿತ್ತು. ಒಂದು ಗುಂಪು ಬಂದಿತು, ಇನ್ನೊಂದು ಬರಲಿಲ್ಲ. ಮಾಲೀಕರು ಎರಡು ಗುಂಪಿಗೂ ಕೂಲಿ ಕೊಡಲಿಲ್ಲ. ಅಂದು ನಮ್ಮನ್ನು ಸೋಲಿಸಿದ್ದು ಮಾಲೀಕರ ಬಲವಲ್ಲ, 1948.

ಆದುದರಿಂದ ಕಾರ್ಯಕಾರಿ ಸಮಿತಿಯ ಪರವಾಗಿ ಸಭೆಯ ಮುಂದೆ ಮೂರು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು: ಸೆಪ್ಟೆಂಬರ್ 17ರಂದು ನಮ್ಮ ಸಂಘವು ಸಭೆ ಸೇರಲಿ. ಪಟಾಕಿ ಬೇಡ, ಕರಿಬಾವುಟವೂ ಬೇಡ. ಗೋರಟಾದಲ್ಲಿಯೂ ಬೈರಾನಪಲ್ಲಿಯಲ್ಲಿಯೂ ರಜಾಕಾರರಿಂದ ಸತ್ತವರನ್ನೂ, ಆ ತಿಂಗಳ ಕೊನೆಯ ವಾರಗಳಲ್ಲಿ ಗುಂಪುಗಳಿಂದ ಸತ್ತವರನ್ನೂ ಒಂದೇ ಸಭೆಯಲ್ಲಿ, ಒಬ್ಬನೇ ನಿಂತು, ಒಂದೇ ದನಿಯಲ್ಲಿ ನೆನೆಯಲಿ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರಿಗೆ ನಮ್ಮ ವೇದಿಕೆ ಇರಬಾರದು.

ಎರಡನೆಯದು: ನೀವು ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿರಿ. ಎಂಬತ್ತು ದಾಟಿದವರು ಇನ್ನೂ ಕೆಲವರಿದ್ದಾರೆ. ಅವರು ಹೋದರೆ ಲೆಕ್ಕವೂ ಹೋಯಿತು. ಊರು ಯಾವುದು, ಸತ್ತವನ ಕಸುಬು ಯಾವುದು, ಮನೆಯಲ್ಲಿ ಉಳಿದವರು ಯಾರು, ಅವರನ್ನು ಬಚ್ಚಿಟ್ಟು ಕಾಪಾಡಿದವರು ಯಾರು ಎಂಬುದನ್ನು ಕಚೇರಿಯ ದಫ್ತರದಲ್ಲಿ ಬರೆಸಿರಿ. ಕಾಪಾಡಿದವರ ಹೆಸರನ್ನು ತಪ್ಪದೆ ಬರೆಸಿರಿ. ಹಣದ ಲೆಕ್ಕವನ್ನು ಬ್ಯಾಂಕು ಇಟ್ಟಿತು; ಮನುಷ್ಯರ ಲೆಕ್ಕವನ್ನು ನಾವಾದರೂ ಇಡೋಣ.

ಮೂರನೆಯದು: ಹಳೆಯ ಯುದ್ಧದ ಹೆಸರಿನಲ್ಲಿ ಯಾವ ಸದಸ್ಯನನ್ನೂ ಕೋಣೆಯಿಂದಾಗಲಿ, ಪಂಕ್ತಿಯಿಂದಾಗಲಿ, ಪಾಳಿಯಿಂದಾಗಲಿ ಹೊರಗೆ ಹಾಕಲಾಗದೆಂದು ಈ ಸಭೆ ನಿರ್ಣಯ ಮಾಡಲಿ. ಬೇರೆ ಮತವಿರುವವರು ಇದೇ ಸಭೆಯಲ್ಲಿ ಎದ್ದು ಮಾತಾಡಲಿ. ನಾವು ಕುಳಿತು ಕೇಳುತ್ತೇವೆ. ಕೈ ಎತ್ತಿ ತೀರ್ಮಾನಿಸುವುದು ನಿಮಗೆ ಸೇರಿದ್ದು.

 ಬೆಳಗಿನ ಪಾಳಿಯವರು ನಾಲ್ಕಕ್ಕೆ ಏಳಬೇಕಾಗಿದೆ; ಆದ್ದರಿಂದ ಅಧ್ಯಕ್ಷರು ಮೂರನೆಯ ನಿರ್ಣಯವನ್ನೇ ಮೊದಲು ಮತಕ್ಕೆ ಹಾಕಬೇಕೆಂದು ಕೋರುತ್ತೇವೆ.